ಗುರುಶಾಂತಮ್ಮನವರ ಪಾಲಿನ ದ್ವೀಪ

ಬಿಳಿಗೆರೆಯ ಸದಾಶಿವಯ್ಯನವರ ಮನೆಯಲ್ಲಿ ಕೂರುವುದಕ್ಕೆ ಯಾವ ಕೊರತೆಯೂ ಇರಲಿಲ್ಲ. ಜಗಲಿಯ ಮೇಲೆ ಚಪ್ಪಡಿ ಹಾಸು, ನಡುಮನೆಯಲ್ಲಿ ನಾಲ್ಕು ಕುರ್ಚಿ, ಗೋಡೆಗೊಂದು ಉದ್ದನೆಯ ಬೆಂಚು. ಇವುಗಳಲ್ಲಿ ಯಾವುದರ ಮೇಲೂ ಅವರ ಹೆಂಡತಿ ಗುರುಶಾಂತಮ್ಮ ಕೂತದ್ದನ್ನು ಕಂಡವರಿರಲಿಲ್ಲ. ಕುರ್ಚಿಗೂ ಅವರಿಗೂ ಇದ್ದ ಸಂಬಂಧ ಧೂಳು ಒರೆಸುವಷ್ಟರದು ಮಾತ್ರ.

ಗುರುಶಾಂತಮ್ಮ ನನಗೆ ಚಿಕ್ಕಮ್ಮ, ನನ್ನ ಅಮ್ಮನ ತಂಗಿ. ಹದಿನೇಳಕ್ಕೆ ಆ ಮನೆಗೆ ಬಂದವರಿಗೆ ಆಗ ಐವತ್ತೊಂದು. ಮಾತು ಕಡಿಮೆ, ಕಿವಿ ಚುರುಕು. ಕಿವಿ ಚುರುಕು ಅಂದರೆ ಊರಿನ ಸುದ್ದಿಗಲ್ಲ, ಕಾಯಿಗೆ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಡುಗುಡು ಅಂದಾಗ ಕೊಬ್ಬರಿ. ಕಾಯಿ ಎಂಬ ಹೆಸರೇ ಒಂದು ಅಪ್ಪಣೆ: ಕಾಯಿ, ಅಂದರೆ ಕಾಯಬೇಕು. ಚಿಕ್ಕಮ್ಮ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ, "ಇನ್ನ ಒಂದ್ ತಿಂಗ್ಳು" ಅಂದರೆ, ಸದಾಶಿವಯ್ಯನವರು ಅಟ್ಟದ ಏಣಿಯನ್ನು ತೆಗೆದು ಗೋಡೆಗೆ ಒರಗಿಸಿಬಿಡುತ್ತಿದ್ದರು. ಕೊಬ್ಬರಿಯ ವಿಷಯದಲ್ಲಿ ಚಿಕ್ಕಮ್ಮನ ಮಾತಿಗೆ ಮೇಲ್ಮನವಿ ಇರಲಿಲ್ಲ. ಉಳಿದ ವಿಷಯಗಳಲ್ಲಿ ಅವರನ್ನು ಯಾರೂ ಕೇಳುತ್ತಿರಲಿಲ್ಲ.

ಎಂಬತ್ತಮೂರನೇ ಇಸವಿಯ ಚಳಿಗಾಲದಲ್ಲಿ ಮೊದಲ ಸಲ ಕೇಳುವಂತಾಯಿತು. ಅದಕ್ಕೆ ಕಾರಣ ತಿಪಟೂರಿನ ಒಬ್ಬ ವರ್ತಕರು. ಅವರು ಮನೆಮಂದಿಯನ್ನೆಲ್ಲ ವಿಮಾನದಲ್ಲಿ ದೆಲ್ಲಿಗೆ ಕರೆದುಕೊಂಡು ಹೋಗಿ ಬಂದು, ಮಾರುಕಟ್ಟೆಯಲ್ಲಿ ಹಾರಾಡುತ್ತಿದ್ದರು. ಸದಾಶಿವಯ್ಯನವರು, "ಆಕಾಶ ಅವರ್ದಾದ್ರೆ ನೀರು ನಮ್ದಾಗ್ಲಿ" ಎಂದು ಹಡಗಿನ ಪ್ರವಾಸ ಘೋಷಿಸಿದರು. ತಿಪಟೂರು ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿಯೊಂದರ ಮೂಲೆಯಲ್ಲಿ ಮೇಜು ಹಾಕಿಕೊಂಡು ಟಿಕೆಟ್ಟು ಮಾಡಿಸಿಕೊಡುತ್ತಿದ್ದ ಶ್ರೀರಂಗಯ್ಯ, ಬಣ್ಣದ ಒಂದು ಇಂಗ್ಲಿಷ್ ಕರಪತ್ರ ಹಿಡಿದು ಬಿಳಿಗೆರೆಗೆ ಬಂದರು. ಅದುವರೆಗೆ ಅವರು ಕಳಿಸಿದ್ದೆಲ್ಲ ಕಾಶಿ, ರಾಮೇಶ್ವರಕ್ಕೆ. ನೀರಿನ ಮೇಲೆ ಯಾರನ್ನೂ ಕಳಿಸಿರಲಿಲ್ಲ. ಕ್ರಿಸ್‌ಮಸ್ ರಜೆಗೆಂದು ತುಮಕೂರಿನಿಂದ ಬಂದಿದ್ದ ನನ್ನನ್ನು, ಕಾನ್ವೆಂಟಿನಲ್ಲಿ ಓದುವ ಹುಡುಗಿ ಎಂಬ ಒಂದೇ ತಪ್ಪಿಗೆ, ಕರಪತ್ರ ಓದಲು ಕೂರಿಸಿದರು.

ಹಡಗು ಮಂಗಳೂರಿನಿಂದ ಹೊರಡುತ್ತಿತ್ತು. ಎರಡು ಬಗೆ, ಒಂದೇ ದರ. ಎ ಎಂದರೆ ಗೋವಾ ಮುಟ್ಟಿ ಬೊಂಬಾಯಿಗೆ ಹೋಗಿ ಬರುವುದು. ಬಿ ಎಂದರೆ ಗೋವಾದವರೆಗೆ ಮಾತ್ರ. ಬೊಂಬಾಯಿಯ ಬದಲು ದಾರಿಯಲ್ಲಿ ಒಬ್ಬ ಸಾಹುಕಾರರ ಖಾಸಗಿ ದ್ವೀಪದಲ್ಲಿ ಇಡೀ ಒಂದು ದಿನ.

"ಆ ದ್ವೀಪದಾಗೆ ಏನೈತೆ?" ಸದಾಶಿವಯ್ಯನವರು ಕೇಳಿದರು.

"ಏನೂ ಇಲ್ಲ ಸ್ವಾಮಿ. ಅದೇ ಅದರ ಸ್ಪೆಷಲ್ಲು" ಎಂದರು ಶ್ರೀರಂಗಯ್ಯ.

ಕರಪತ್ರದಲ್ಲಿ ದ್ವೀಪದ ಚಿತ್ರವಿತ್ತು. ಮರಳು, ಮೂರು ತೆಂಗಿನ ಮರ, ನೆರಳಿನಲ್ಲಿ ಒಂದು ಖಾಲಿ ಕುರ್ಚಿ. ಸದಾಶಿವಯ್ಯನವರು ಕನ್ನಡಕ ಏರಿಸಿ ಅದನ್ನು ಗಿಡದ ಡಾಕ್ಟರಂತೆ ಪರೀಕ್ಷೆ ಮಾಡಿದರು. "ಬುಡಕ್ಕೆ ಮಣ್ಣೇ ಕೊಟ್ಟಿಲ್ಲ. ಸುಳಿಗೆ ದುಂಬಿ ಹೊಡ್ದೈತೆ. ಇದನ್ನ ನೋಡಕ್ಕೆ ಹಡಗು ಬೇಕೇನ್ರೀ? ಹಿತ್ಲು ಬಾಗ್ಲು ತೆಗೆದ್ರೆ ಮುನ್ನೂರು ಮರ ಕಾಣ್ತವೆ."

ಅವರ ಅಕ್ಕ ಶಿವರುದ್ರಮ್ಮನವರು, ಗಂಡ ತೀರಿಹೋದ ಮೇಲೆ ಅದೇ ಮನೆಯಲ್ಲಿ ಇದ್ದವರು, ಇನ್ನೂ ಖಡಾಖಂಡಿತ. "ಖಾಸಗಿ ಅಂದ್ರೆ ಇನ್ನೊಬ್ರ ಹಿತ್ಲು ಕಣಪ್ಪ. ಕರೀದೆ ಅಲ್ಲಿಗ್ ಹೋಗೋದು, ಅದ್ಕೆ ದುಡ್ಡು ಬೇರೆ. ಬೊಂಬಾಯಿ ಮಹಾಲಕ್ಷ್ಮಿನಾದ್ರೂ ನೋಡ್ಬೋದು." ಮಗ ತೋಂಟದಾರ್ಯನಿಗೆ ಬೊಂಬಾಯಿಯಲ್ಲಿ ನೋಡಬೇಕಾದ ಬೇರೆ ಲಕ್ಷ್ಮಿಯರಿದ್ದರು, ಅವರು ಸಿನಿಮಾದಲ್ಲಿ ಕೆಲಸ ಮಾಡುತ್ತಿದ್ದರು. ಸದಾಶಿವಯ್ಯನವರ ಆಸೆ ವ್ಯಾಪಾರದ್ದು. ಮೂವತ್ತು ವರ್ಷದಿಂದ ತಮ್ಮ ಕೊಬ್ಬರಿ ಲಾರಿ ಹತ್ತಿ ಹೋಗುವ ಊರು ಹೇಗಿದೆ ಎಂದು ಒಮ್ಮೆ ನೋಡಬೇಕಿತ್ತು, ಮಗಳನ್ನು ಕೊಟ್ಟ ಮನೆಯನ್ನು ನೋಡಿಬಂದ ಹಾಗೆ.

ಹೀಗೆ ಮೂರು ಮತ ಬೊಂಬಾಯಿಗೆ ಬಿದ್ದವು. ಶ್ರೀರಂಗಯ್ಯ ಫಾರಂ ತೆಗೆದರು. ಸದಾಶಿವಯ್ಯನವರು ಮರ್ಯಾದೆಗೆಂದು, ಕಾಫಿ ತಂದ ಹೆಂಡತಿಯ ಕಡೆ ತಿರುಗಿ, "ನಿಂದೇನೇ?" ಎಂದರು. ಉತ್ತರ ಬರುತ್ತದೆ ಎಂದು ಅವರೂ ಎಣಿಸಿರಲಿಲ್ಲ.

ಚಿಕ್ಕಮ್ಮ ಕರಪತ್ರ ಕೈಗೆ ತೆಗೆದುಕೊಂಡು ಚಿತ್ರ ನೋಡಿದರು. "ಈ ಕುರ್ಚಿ ಯಾರ್ದು?" ಎಂದು ನನ್ನನ್ನು ಕೇಳಿದರು.

"ಯಾರದೂ ಅಲ್ಲ ಚಿಕ್ಕಮ್ಮ. ಹೋದವರು ಕೂರಬಹುದು."

"ಅಲ್ಲಿ ದಿನಾ ಪೂರ್ತಿ ಏನ್ ಮಾಡ್ಬೇಕಂತೆ?"

"ಏನೂ ಮಾಡೋ ಹಾಗಿಲ್ಲ ಅಂತ ಬರೆದಿದ್ದಾರೆ."

"ಹಂಗಾದ್ರೆ ನಂಗೆ ದ್ವೀಪ" ಎಂದರು ಚಿಕ್ಕಮ್ಮ.

ಮೊದಲು ಚೇತರಿಸಿಕೊಂಡವರು ಶಿವರುದ್ರಮ್ಮ. "ಏನೇ ಗುರುಶಾಂತಿ, ಮೈಗೆ ಹುಷಾರಿಲ್ವ? ಒಂದ್ ಹಗಲು ಸುಮ್ನೆ ಕೂತ್ರೆ ಏನೇ ಬತ್ತದೆ?"

"ಕಾಯಿ ಹನ್ನೊಂದ್ ತಿಂಗ್ಳು ಸುಮ್ನಿದ್ರೆ ಕೊಬ್ರಿ ಆಯ್ತದೆ ಅತ್ತಿಗೆ. ನಾನು ಒಂದ್ ದಿನ ಸುಮ್ನಿದ್ರೆ ಏನಾಯ್ತೀನೋ ನೋಡಾನ. ಮೂವತ್ನಾಲ್ಕು ವರ್ಷದಾಗೆ ಅಂಥದೊಂದು ದಿನ ಕಂಡಿಲ್ಲ. ಇದೊಂದ್ ಸಲ ಬೇಕು." ಅಷ್ಟು ಹೇಳಿ ಲೋಟ ಎತ್ತಿಕೊಂಡು ಒಳಗೆ ಹೋದರು. ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಫಾರಂ ಅಂದು ತುಂಬಲಿಲ್ಲ. ಶ್ರೀರಂಗಯ್ಯ ವಾರ ಬಿಟ್ಟು ಬರುವುದಾಗಿ ಹೇಳಿ ಹೋದರು.

ಮಾರನೆಯ ದಿನ ಸದಾಶಿವಯ್ಯನವರು ಎಂದಿನಂತೆ ತಿಪಟೂರಿನ ಮಾರುಕಟ್ಟೆಗೆ ಹೋಗಲಿಲ್ಲ. ಜಗಲಿ ಬಿಟ್ಟು ಒಳಗೆ ಬಂದು ಬೆಂಚಿನ ಮೇಲೆ ಕೂತರು. ಪೇಪರು ಹಿಡಿದಿದ್ದರು, ಆದರೆ ಪುಟ ತಿರುಗುತ್ತಿರಲಿಲ್ಲ. ಹೆಂಡತಿ ಯಾವಾಗ ಕೂರುತ್ತಾಳೆ ಎಂದು ನೋಡುತ್ತಿದ್ದಾರೆ ಎಂಬುದು ಮಧ್ಯಾಹ್ನದ ಹೊತ್ತಿಗೆ ನನಗೆ ಗೊತ್ತಾಯಿತು. ಹತ್ತು ಗಂಟೆಗೆ ಚಿಕ್ಕಮ್ಮ ನೆಲದ ಮೇಲೆ ಕೂತಾಗ ಅವರು ಗೆದ್ದವರಂತೆ ನನ್ನ ಕಡೆ ಹುಬ್ಬು ಹಾರಿಸಿದರು. ಕೂತದ್ದು ಅಕ್ಕಿ ಆರಿಸಲು. ಹುಬ್ಬು ಇಳಿಯಿತು. ಮೂರಕ್ಕೆ ಕೂತದ್ದು ಅವರೆಕಾಯಿ ಸುಲಿಯಲು. ಐದಕ್ಕೆ ಹೂ ಕಟ್ಟಲು.

"ಈಗ ಕೂತವ್ಳೆ ಅಲ್ವೇನಮ್ಮ?" ಎಂದು ಆಸೆಯಿಂದ ಪಿಸುಗುಟ್ಟಿದರು.

"ಅದು ಕೂರೋದಲ್ಲ ಚಿಕ್ಕಪ್ಪ. ಕೂತು ಮಾಡೋ ಕೆಲಸ."

ಸಂಜೆ ದೀಪ ಹಚ್ಚುವವರೆಗೆ ಅವರ ಲೆಕ್ಕಕ್ಕೆ ಒಂದು ಕೂರುವಿಕೆಯೂ ಸಿಗಲಿಲ್ಲ. ಮಾರನೆಯ ದಿನ ತಾವಾಗಿಯೇ ತಿಪಟೂರಿಗೆ ಹೋಗಿ ಶ್ರೀರಂಗಯ್ಯನವರ ಮೇಜಿನ ಮುಂದೆ ನಿಂತು, "ದ್ವೀಪದ್ದೇ ಬರ್ಕಳ್ರಿ" ಅಂದರು. ತೋಂಟದಾರ್ಯ ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದ. ಬೊಂಬಾಯಿ ಹೋಯ್ತು ಎಂಬ ದುಃಖಕ್ಕೆ ಮನೆಯಲ್ಲಿ ಮಾಡಿದ ಬೋಂಡ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಬರೆಸುವುದಕ್ಕೆ ಮೊದಲು ಸದಾಶಿವಯ್ಯನವರು ದ್ವೀಪವನ್ನು ಕೂಲಂಕಷವಾಗಿ ವಿಚಾರಿಸಿಕೊಂಡಿದ್ದರು. ಮರ ಎಷ್ಟು, ಯಾವ ತಳಿ, ಉಪ್ಪು ನೀರಿಗೆ ಕಾಯಿ ಹಿಡಿಯುತ್ತದೆಯೇ, ಅಲ್ಲಿನ ಕಾಯಿ ಅಟ್ಟಕ್ಕೆ ಹಾಕಿದರೆ ಕೊಬ್ಬರಿ ಆಗುತ್ತದೆಯೇ ಕೊಳೆಯುತ್ತದೆಯೇ. ಊಟದ ಬಗ್ಗೆ ಮಾತ್ರ, ದ್ವೀಪದಲ್ಲಿ ಮಧ್ಯಾಹ್ನದ ಊಟ ಕಂಪನಿಯದೇ ಎಂದು ತಿಳಿದು ಸುಮ್ಮನಾಗಿದ್ದರು. ತೆಂಗಿನ ಮರ ಇರುವ ಕಡೆ ಅನ್ನ, ಸಾರು, ಕಾಯಿ ಚಟ್ನಿ ಬಿಟ್ಟು ಬೇರೇನಿರಲು ಸಾಧ್ಯ? ನಮ್ಮ ಸೀಮೆಯಲ್ಲಿ ಯಾರಿಗೂ ಆ ಪ್ರಶ್ನೆ ಹೊಳೆಯುವುದಿಲ್ಲ.

ಹಡಗಿನಲ್ಲೂ ಇಂಗ್ಲಿಷ್ ಓದಲು ಒಬ್ಬರು ಬೇಕೆಂದು ನನ್ನ ಹೆಸರನ್ನೂ ಬರೆಸಿದ್ದರು. ಹೊರಡುವ ಹಿಂದಿನ ದಿನ ಚಿಕ್ಕಮ್ಮ ರೈಲಿಗೂ ಹಡಗಿಗೂ ಆಗುವಷ್ಟು ರೊಟ್ಟಿ, ಚಟ್ನಿಪುಡಿ ಕಟ್ಟಿದರು. "ದ್ವೀಪಕ್ಕೆ ಮಾತ್ರ ಬುತ್ತಿ ಇಲ್ಲ. ಆ ದಿನ ನಾನು ಕಟ್ಟದೂ ಇಲ್ಲ, ಬಿಚ್ಚದೂ ಇಲ್ಲ" ಎಂದರು. ಶಿವರುದ್ರಮ್ಮ, "ಕಾಲ ಬಂತು" ಎಂದು ಗೋಡೆಗೆ ಹೇಳಿದರು.

ಹಡಗಿನ ಮೇಲೆ ಎರಡು ದಿನ ಹೇಗೋ ಕಳೆದವು. ಮೂರನೆಯ ದಿನ ಬೆಳಿಗ್ಗೆ ಸಣ್ಣ ಲಾಂಚಿನಲ್ಲಿ ನಮ್ಮನ್ನೂ, ಇನ್ನೊಂದು ಹತ್ತು ಜನರನ್ನೂ ದ್ವೀಪಕ್ಕೆ ಇಳಿಸಿದರು. ಚಿತ್ರದಲ್ಲಿದ್ದಂತೆಯೇ ಇತ್ತು, ಕುರ್ಚಿಯೂ ಒಂದೇ ಇತ್ತು. ಮೊಣಕಾಲು ನೋವಿನ ಶಿವರುದ್ರಮ್ಮ ಹೋಗಿ ಅದರಲ್ಲಿ ವಿರಾಜಮಾನರಾದರು. ಚಿಕ್ಕಮ್ಮನಿಗೆ ಅದರಿಂದ ಏನೂ ಆಗಲಿಲ್ಲ. ಅಲೆ ಬಂದು ನಿಲ್ಲುವ ಗೆರೆಯಿಂದ ಎರಡು ಮಾರು ಈಚೆ, ಒಂದು ಮರಕ್ಕೆ ಬೆನ್ನು ಕೊಟ್ಟು, ಕಾಲು ನೀಡಿಕೊಂಡು ಮರಳಿನ ಮೇಲೆ ಕೂತರು. ಕೈ ಎರಡೂ ಮಡಿಲಲ್ಲಿ. ಆ ಕೈಗಳಿಗೆ ಮೊದಲು ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯಲಿಲ್ಲ. ಸೆರಗಿನ ತುದಿ ಹಿಡಿದವು, ಬಿಟ್ಟವು, ಮರಳು ಮುಟ್ಟಿದವು. ಆಮೇಲೆ ಸುಮ್ಮನಾದವು.

ಸದಾಶಿವಯ್ಯನವರು ಕೂರಲಾರದೆ ಮರಗಳ ಬುಡ ನೋಡುತ್ತ ಇಡೀ ದ್ವೀಪವನ್ನು ಎರಡು ಸುತ್ತು ಬಂದರು. ತೋಂಟದಾರ್ಯ ಫೋಟೋ ತೆಗೆಯುತ್ತಿದ್ದ. ಚಿಕ್ಕಮ್ಮ ನೀರು ನೋಡುತ್ತಿದ್ದರು.

ಹನ್ನೆರಡೂವರೆಗೆ ಊಟದ ಗಂಟೆ ಬಾರಿಸಿದರು. ಮರಗಳ ಹಿಂದಿನ ಅಡುಗೆ ಗುಡಿಸಲಿನ ಕಡೆಯಿಂದ ಬಂದ ವಾಸನೆಗೆ ಮೊದಲು ಮೂಗು ಮುಚ್ಚಿದವರು ಶಿವರುದ್ರಮ್ಮ. "ಶಿವ ಶಿವಾ, ಮೀನು!"

ಮೀನಿನ ಸಾರು, ಹುರಿದ ಮೀನು, ಅನ್ನದ ಪಾತ್ರೆಯಲ್ಲೂ ಅದೇ ಸೌಟು. ಉಳಿದ ಹತ್ತು ಜನ ಸಂತೋಷವಾಗಿ ತಟ್ಟೆ ಹಿಡಿದರು. ಸದಾಶಿವಯ್ಯನವರು ದ್ವೀಪ ಕಾಯುವವನನ್ನು ಕರೆದು, ಕೊರಳಿನ ಲಿಂಗ ತೋರಿಸಿ, ನಾವು ಇದನ್ನು ತಿನ್ನುವವರಲ್ಲ ಎಂದು ವಿವರಿಸಿದರು. ಅವನು ಪಾಪ, ಒಳ್ಳೆಯವನು. "ಅಕ್ಕಿ ಉಂಟು, ಹೊಸ ಪಾತ್ರೆ ಉಂಟು, ಆಚೆ ಬದಿ ಬೇರೆ ಒಲೆ ಉಂಟು. ತೆಂಗಿನಕಾಯಿ ಎಷ್ಟು ಬೇಕಾದರೂ ತಕ್ಕೊಳ್ಳಿ. ನೀವೇ ಮಾಡಿಕೊಳ್ತೀರಾ?"

ಮಾಡಿಕೊಳ್ಳುತ್ತೀರಾ ಎಂಬುದು ಬಹುವಚನ. ಆದರೆ ನಾಲ್ಕು ಜನರ ಕಣ್ಣೂ ಒಂದೇ ಕಡೆ ಹೋದವು.

"ಗುರುಶಾಂತೀ" ಎಂದು ಕುರ್ಚಿಯಿಂದ ಕೂಗು ಬಂತು. "ಬಾರೇ, ಒಂದ್ ಹಿಡಿ ಅನ್ನ ಬೇಯ್ಸಿ ಹೋಗಿ ಕೂತ್ಕೊಳ್ಳೀವಂತೆ. ಎಷ್ಟೊತ್ತಿನ ಕೆಲ್ಸ?"

ಚಿಕ್ಕಮ್ಮ ತಿರುಗಿ ನೋಡಿದರು. ಮೂವತ್ತನಾಲ್ಕು ವರ್ಷದ ಅಭ್ಯಾಸ; ಬಲಗೈ ತಾನಾಗಿಯೇ ಮರಳಿಗೆ ಊರಿತು, ಸೊಂಟ ಅರ್ಧ ಎದ್ದಿತು. ಮುಖದ ಮೇಲೆ ಕೋಪವಿರಲಿಲ್ಲ. ಇಷ್ಟೇ ತಾನೆ, ಗೊತ್ತಿತ್ತು ಅನ್ನುವ ಒಂದು ಸಮಾಧಾನವಿತ್ತು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಕೂತ್ಕೊ" ಎಂದರು ಸದಾಶಿವಯ್ಯನವರು.

ಚಿಕ್ಕಮ್ಮನಿಗೆ ಕೇಳಿಸಲಿಲ್ಲವೋ, ನಂಬಿಕೆಯಾಗಲಿಲ್ಲವೋ, ಹಾಗೆಯೇ ಅರ್ಧ ಎದ್ದು ನಿಂತಿದ್ದರು.

"ಕೂತ್ಕೊಳ್ಳೇ ಅಂದೆ. ನಾನ್ ಮಾಡ್ತೀನಿ."

"ನೀವಾ?" ಎಂದರು ಚಿಕ್ಕಮ್ಮ.

"ನೀನಾ?" ಎಂದರು ಶಿವರುದ್ರಮ್ಮ.

"ಹ್ಞೂ ಕಣಕ್ಕ, ನಾನೇ. ಬೆಂಕಿ ಹಚ್ಚದು, ಅಕ್ಕಿ ಹಾಕದು. ಅದೇನ್ ಕೋರ್ಟು ಕೇಸಾ?"

ಕೋರ್ಟು ಕೇಸಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಒಲೆ ಊದುವ ಕೆಲಸ ನನ್ನದು. ಕಾನ್ವೆಂಟಿನ ಸಿಸ್ಟರುಗಳು ನನಗೆ ಪುಡ್ಡಿಂಗಿನ ಸ್ಪೆಲಿಂಗು ಕಲಿಸಿದ್ದರೇ ಹೊರತು ಸೌದೆ ಹೊತ್ತಿಸುವುದನ್ನಲ್ಲ. ತೋಂಟದಾರ್ಯ ಮೂರು ಸಲ ಅಕ್ಕಿ ತೊಳೆದು, ಮೂರು ಸಲವೂ ಸ್ವಲ್ಪ ಅಕ್ಕಿಯನ್ನು ಸಮುದ್ರದ ಪಾಲು ಮಾಡಿದ. ಶಿವರುದ್ರಮ್ಮ ಕುರ್ಚಿಯಿಂದಲೇ ನಿರ್ದೇಶನ ಕೊಟ್ಟರು: "ಉಕ್ತಾ ಐತೆ ನೋಡ್ಲಾ! ಮುಚ್ಚಳ ತೆಗಿ! ಅಯ್ಯೋ, ಕೈಯ್ಯಾಗೆ ಅಲ್ಲ ಕಣ್ಲಾ!"

ಈಳಿಗೆಮಣೆಯ ಮುಂದೆ ಸದಾಶಿವಯ್ಯನವರು ಕೂತರು. ಎದುರಿಗೆ ಅರ್ಧ ಹೋಳು ಕಾಯಿ. ಹುಟ್ಟಿದಾಗಿನಿಂದ ತೆಂಗಿನ ನೆರಳಿನಲ್ಲಿ ಬೆಳೆದವರು, ಕಣ್ಣು ಮುಚ್ಚಿ ಕೊಬ್ಬರಿಯ ದರ್ಜೆ ಹೇಳುವವರು, ಐವತ್ತೆಂಟು ವರ್ಷದಲ್ಲಿ ಒಂದು ಕಾಯಿಯನ್ನೂ ತುರಿದಿರಲಿಲ್ಲ. ಮೊದಲು ಹೋಳು ಜಾರಿ ಮರಳಿಗೆ ಬಿತ್ತು. ಆಮೇಲೆ ಬೆರಳು ತರಚಿತು. ಮೂರನೆಯ ಹೋಳಿನಲ್ಲಿ ತಿರುಳಿನ ಜೊತೆ ಚಿಪ್ಪೂ ಬಂತು. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು. ಚಿಕ್ಕಮ್ಮ ಎರಡು ಸಲ ತಿರುಗಿ ನೋಡಿ, ಎರಡು ಸಲವೂ ಪ್ರಯತ್ನಪಟ್ಟು ನೀರಿನ ಕಡೆ ಮುಖ ಮಾಡಿದರು. ಏಳದೆ ಕೂತಿರುವುದು ಅಂದು ಅವರಿಗೆ ಎಷ್ಟು ಕಷ್ಟದ ಕೆಲಸವಾಗಿತ್ತೆಂಬುದು ಅವರ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು.

ಎರಡೂವರೆಗೆ ಅನ್ನ ಆಯಿತು. ಕಾಯಿ, ಹಸಿಮೆಣಸಿನಕಾಯಿ, ಉಪ್ಪು ಜಜ್ಜಿದ್ದಕ್ಕೆ ಚಟ್ನಿ ಎಂದು ಹೆಸರಿಟ್ಟೆವು. ಮೊದಲ ತಟ್ಟೆಯನ್ನು ಸದಾಶಿವಯ್ಯನವರು ತಾವೇ ಹಿಡಿದು, ಮರಳಿನಲ್ಲಿ ಹೆಜ್ಜೆ ಕುಸಿಯುತ್ತ ಹೋಗಿ, ಹೆಂಡತಿಯ ಮುಂದೆ ಇಟ್ಟರು. ಆ ಮನೆಯಲ್ಲಿ ಎಲ್ಲರದಾದ ಮೇಲೆ ಉಣ್ಣುತ್ತಿದ್ದವರು ಅಂದು ಎಲ್ಲರಿಗಿಂತ ಮೊದಲು ತುತ್ತು ಎತ್ತಿದರು. ಅಗಿದರು. ಕಟುಕ್ ಎಂದಿತು. ಚಿಪ್ಪಿನ ಚೂರನ್ನು ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಇನ್ನೊಂದು ತುತ್ತು, ಇನ್ನೊಂದು ಚೂರು.

"ಹೆಂಗೈತೆ?" ಸದಾಶಿವಯ್ಯನವರು ಪರೀಕ್ಷೆಯ ಹುಡುಗನಂತೆ ನಿಂತಿದ್ದರು.

"ಉಪ್ಪು ಸರಿಯಾಗೈತೆ ಕಣ್ರೀ" ಎಂದರು ಚಿಕ್ಕಮ್ಮ. ಸ್ವಲ್ಪ ತಡೆದು, "ಇನ್ನೊಂದ್ ಚೂರು ಅನ್ನ ಹಾಕ್ತೀರಾ?"

ಉಂಡ ಮೇಲೆ ಅವರು ಕೈ ತೊಳೆದು, ಅದೇ ಮರದ ಬುಡದಲ್ಲಿ ಸೆರಗು ಹೊದ್ದು ಅಡ್ಡಾದರು. ನಾವು ಪಾತ್ರೆ ಉಜ್ಜಿದೆವು. ನಾಲ್ಕು ಗಂಟೆಗೆ ಲಾಂಚಿನವನು ಸೀಟಿ ಊದಿದ. ಉಳಿದವರೆಲ್ಲ ಹತ್ತಿ ಕೂತರು, ಶಿವರುದ್ರಮ್ಮನವರನ್ನು ತೋಂಟದಾರ್ಯ ಕೈ ಹಿಡಿದು ಹತ್ತಿಸಿದ. ಲಾಂಚಿನವನು ಇನ್ನೊಂದು ಸೀಟಿಗೆ ಕೆನ್ನೆ ಉಬ್ಬಿಸಿದಾಗ, ಸದಾಶಿವಯ್ಯನವರು ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು ಓಡಿದರು.

"ಊದ್ಬೇಡಪ್ಪ" ಎಂದರು. "ಒಂದ್ ಹತ್ತು ನಿಮಿಷ ತಡಿ. ನಮ್ಮನೆಯವ್ರು ಮಲ್ಗವ್ರೆ."