ಕಂಬದ ಮೇಲೆ ಗಂಡ, ಲ್ಯಾಪ್‌ಟಾಪ್ ಮುಂದೆ ನಾನು

ನಮ್ಮ ಕಡೆ ಕರೆಂಟ್ ಹೋದರೆ ಯಾರೂ ಸುಮ್ಮನೆ ಕೂರುವುದಿಲ್ಲ. ಕೆಟ್ಟ ಸ್ವಿಚ್ಚು, ಅಲುಗಾಡುವ ಫ್ಯಾನು, ಪಂಪ್‌ಸೆಟ್ಟಿನ ಸುಟ್ಟ ವೈರು, ಎಲ್ಲದಕ್ಕೂ ಆಗಲೇ ಮುಹೂರ್ತ. ಕರೆಂಟಿಲ್ಲ ಅಂದಮೇಲೆ ಶಾಕ್ ಹೊಡೆಯುವುದಿಲ್ಲ, ಹೊಡೆಯುವುದಿಲ್ಲ ಅಂದಮೇಲೆ ಭಯವಿಲ್ಲ. ಸಂಶಿಯ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನಾನೂ ಅದನ್ನೇ ಕಲಿತೆ. ಆ ಧೈರ್ಯ ನನ್ನ ಗಂಡನ ಕೈಯನ್ನೇ ನುಂಗುವುದರಲ್ಲಿತ್ತು.

ಹವ್ಯಾಸಿ ರೇಡಿಯೊ ನನ್ನ ಹುಚ್ಚು, ಅವರದ್ದಲ್ಲ. ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡವಳು ನಾನು. ಮಾಳಿಗೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಅದಕ್ಕೆ ಮೆಟ್ಟಿಲು ವೆಲ್ಡಿಂಗ್ ಮಾಡಿಸಿ, ತುದಿಯಲ್ಲಿ ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ ಕೂರಿಸಿದ್ದೆವು. ನೆತ್ತಿಯ ಮೇಲೆ ಹಾದುಹೋಗುವ ಪುಟ್ಟ ಉಪಗ್ರಹಗಳ ಮೂಲಕ ದೂರದವರೊಡನೆ ಮಾತಾಡಬೇಕೆಂದರೆ ಆಂಟೆನಾ ಅವುಗಳ ಕಡೆಗೇ ಮುಖ ಮಾಡಿರಬೇಕು. ಅವು ಓಡಿದಂತೆ ಇದೂ ತಿರುಗಬೇಕು. ಅದಕ್ಕೆಂದೇ ಆಂಟೆನಾದ ಬುಡದಲ್ಲಿ ರೋಟೇಟರ್ ಎಂಬ ಮೋಟಾರು. ಕೆಳಗಿನ ಕೋಣೆಯ ಲ್ಯಾಪ್‌ಟಾಪಿನಲ್ಲಿರುವ ಪ್ರೋಗ್ರಾಂ ಉಪಗ್ರಹ ಯಾವ ದಿಕ್ಕಿಗಿದೆ ಎಂದು ಲೆಕ್ಕ ಹಾಕಿ ಕಂಟ್ರೋಲ್ ಪೆಟ್ಟಿಗೆಗೆ ಹೇಳುತ್ತದೆ, ಪೆಟ್ಟಿಗೆ ಮೋಟಾರನ್ನು ತಿರುಗಿಸುತ್ತದೆ.

ಆ ಪೆಟ್ಟಿಗೆ ನಾನೇ ಬೆಸುಗೆ ಹಾಕಿ ಕಟ್ಟಿದ್ದು. ಅದಕ್ಕೊಂದು ಕೆಟ್ಟ ಚಾಳಿ ಇತ್ತು. ಕರೆಂಟ್ ಕೊಟ್ಟ ಕೂಡಲೇ ಬಲಕ್ಕೆ ಒಮ್ಮೆ ಜಗ್ಗಿ, ಆಮೇಲೆ ಹೇಳಿದ ಮಾತು ಕೇಳುತ್ತಿತ್ತು. "ಅಗದಿ ನಿನ್ನಂಗ ಐತಿ ನೋಡು. ಮೊದ್ಲು ಸಿಟ್ಟು, ಆಮ್ಯಾಲ ಕೆಲಸ" ಎಂದು ಗಂಡ ಕಾಡಿಸುತ್ತಿದ್ದರು. 

ಅವತ್ತು ಮಧ್ಯಾಹ್ನ ಅತ್ತೆ ಮಾಳಿಗೆಯ ಮೇಲೆ ಒಣಮೆಣಸಿನಕಾಯಿ ಹರಡಿ ಕೂತಿದ್ದರು. ಹಿಂದಿನ ದಿನದ ಗಾಳಿಗೆ ಆಂಟೆನಾದ ಕೇಬಲ್ಲು ಸಡಿಲಾಗಿ, ಮೇಲಿನ ಕಡ್ಡಿಗಳಿಗೆ ಸುತ್ತಿಕೊಂಡಿತ್ತು. ಕರೆಂಟ್ ಹೋಯಿತು. ಹೊಲದಿಂದ ಊಟಕ್ಕೆ ಬಂದಿದ್ದ ಗಂಡ ಕೈ ತೊಳೆದವರೇ, "ಕರೆಂಟ್ ಇಲ್ಲ, ಈಗ ಬಿಡಿಸಿ ಬಿಡೂಣು" ಎಂದು ಇಕ್ಕಳ ಜೇಬಿಗಿಟ್ಟು ಏರಿದರು. ಸೊಂಟಕ್ಕೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿಕೊಂಡರು. ನಾನು ಮಾಳಿಗೆಯ ಮೇಲೆ, ಕಂಬದ ಬುಡದಲ್ಲಿ ನಿಂತೆ. ಪೆಟ್ಟಿಗೆಯ ಪ್ಲಗ್ ಕೀಳಬೇಕೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಇಲ್ಲದ ಕರೆಂಟನ್ನು ಯಾರು ಆರಿಸುತ್ತಾರೆ?

ಆದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು. ಪ್ರೋಗ್ರಾಂ ತನ್ನ ಪಾಡಿಗೆ ಉಪಗ್ರಹದ ಬೆನ್ನು ಹತ್ತಿ ಲೆಕ್ಕ ಹಾಕುತ್ತಲೇ ಇತ್ತು. ಪೆಟ್ಟಿಗೆಗೆ ಜೀವ ಬಂದರೆ ಸಾಕು, ಆಂಟೆನಾ ಅಲ್ಲಿಗೇ ತಿರುಗಬೇಕು.

ಗಂಡ ಕೇಬಲ್ಲಿನ ಸುತ್ತಿನೊಳಗೆ ಎಡಗೈ ತೂರಿಸಿ, ಗಂಟನ್ನು ಒಳಗಿನಿಂದ ಬಿಡಿಸುತ್ತಿದ್ದರು. ಆಗ ಓಣಿಯ ಹಿಟ್ಟಿನ ಗಿರಣಿ ಗರ್ ಎಂದಿತು. ಕರೆಂಟ್ ಬಂದಿತ್ತು.

"ಕೈ ತಗೀರಿ! ಕೈ ತಗೀರಿ ಹೊರಗ!"

"ಏನ?" ಎಂದು ಅವರು ಬಗ್ಗಿ ಕೇಳುವಷ್ಟರಲ್ಲಿ ಮೇಲೆ ಮೋಟಾರು ಗುಂಯ್ ಎಂದು ಬಲಕ್ಕೆ ತಿರುಗತೊಡಗಿತು. ಹೆಬ್ಬೆರಳು ಗಾತ್ರದ ಕೇಬಲ್ಲು ಕಂಬಕ್ಕೆ ಸುತ್ತಿಕೊಳ್ಳುತ್ತ ಅವರ ತೋಳನ್ನು ಕಬ್ಬಿಣಕ್ಕೆ ಬಿಗಿಯಿತು. ಇಕ್ಕಳ ಮೆಣಸಿನಕಾಯಿಯ ಮೇಲೆ ಬಿತ್ತು.

ಮಾಳಿಗೆಯ ಮೆಟ್ಟಿಲನ್ನು ಹೇಗೆ ಇಳಿದು ಕೋಣೆಗೆ ಬಂದೆನೋ ನನಗೆ ಗೊತ್ತಿಲ್ಲ. ಬುದ್ಧಿ ಕೆಟ್ಟು ಮೊದಲು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ. ಹುಚ್ಚಿ! ಪೆಟ್ಟಿಗೆಗೆ ಎಲ್ಲಿಗೆ ಹೋಗಬೇಕೆಂದು ಆಗಲೇ ಹೇಳಿಯಾಗಿತ್ತು. ಅದು ತಿರುಗುತ್ತಲೇ ಇತ್ತು. ಮೇಲಿಂದ ಗಂಡ ಕೂಗಿದ ದನಿ, ನಾನು ಅವರಿಂದ ಹಿಂದೆಂದೂ ಕೇಳಿರದ ದನಿ. ಪೆಟ್ಟಿಗೆಯ ವೈರನ್ನು ಎರಡೂ ಕೈಯಿಂದ ಹಿಡಿದು ಗೋಡೆಯಿಂದ ಕಿತ್ತೆ. ಮೋಟಾರು ನಿಂತಿತು.

"ಬಿಟ್ಟೈತೇನ್ರಿ?" ಎಂದು ಅರಚಿದೆ.

ಮೆಟ್ಟಿಲ ಬಾಯಲ್ಲಿ ಅತ್ತೆಯ ಮುಖ ಕಾಣಿಸಿತು. "ಬಿಟ್ಟಿಲ್ಲವಾ. ಹಂಗ ಹಿಡಕೊಂಡೈತಿ. ಕೈ ಕಪ್ಪಗಾಗಾಕತ್ತೈತಿ."

ನಿಂತ ಮೋಟಾರಿನ ಹಲ್ಲುಗಾಲಿ ಕಚ್ಚಿಕೊಂಡಿರುತ್ತದೆ, ಕೈಯಿಂದ ದೂಡಿದರೆ ಆಂಟೆನಾ ಹಿಂದೆ ಬರುವುದಿಲ್ಲ. ಕೇಬಲ್ಲು ಕತ್ತರಿಸೋಣವೆಂದರೆ ಇಕ್ಕಳ ಕೆಳಗಿದೆ, ಒಂಟಿ ಕೈಗೆ ಆ ದಪ್ಪ ಕೇಬಲ್ಲು ಬಗ್ಗುವುದೂ ಇಲ್ಲ. ಇನ್ನೊಬ್ಬರು ಏರಲು ಆ ಕಂಬದಲ್ಲಿ ಜಾಗವಿಲ್ಲ. ಉಳಿದ ದಾರಿ ಒಂದೇ. ಈಗ ತಾನೇ ಕಿತ್ತ ವೈರನ್ನು ನಾನೇ ಮತ್ತೆ ಚುಚ್ಚಿ, ಆಂಟೆನಾವನ್ನು ಹಿಂದಕ್ಕೆ ತಿರುಗಿಸಬೇಕು.

ಲ್ಯಾಪ್‌ಟಾಪ್ ತೆರೆದೆ. ಮೊದಲು ಉಪಗ್ರಹದ ಬೆನ್ನು ಹತ್ತುವುದನ್ನು ನಿಲ್ಲಿಸಿದೆ. ಆಂಟೆನಾ ನಿಂತ ದಿಕ್ಕಿನ ಅಂಕಿ ಪರದೆಯ ಮೇಲಿತ್ತು. ಅದಕ್ಕಿಂತ ಚಿಕ್ಕ ಅಂಕಿ ಬರೆದೆ, ಎಂದರೆ ಎಡಕ್ಕೆ, ಬಂದ ದಾರಿಯಲ್ಲೇ ಹಿಂದಕ್ಕೆ. ತಪ್ಪು ಬಿತ್ತು, ಅಳಿಸಿ ಮತ್ತೆ ಬರೆದೆ. ಪ್ಲಗ್ ಕೈಗೆತ್ತಿಕೊಂಡಾಗ ಪೆಟ್ಟಿಗೆಯ ಚಾಳಿ ನೆನಪಾಯಿತು. ಇದು ಮೊದಲು ಬಲಕ್ಕೆ ಜಗ್ಗುತ್ತದೆ. ಬಲಕ್ಕೆ ಎಂದರೆ ಇನ್ನಷ್ಟು ಬಿಗಿಯುತ್ತದೆ.

"ಅತ್ತೀ, ಅವರಿಗೆ ಹೇಳ್ರಿ. ಮೊದ್ಲು ಒಂದ್ಸಲ ಜೋರ್ ಬಿಗೀತೈತಿ. ಆಮ್ಯಾಲ ಬಿಡ್ತೈತಿ."

ಅತ್ತೆ ಅಲುಗಾಡಲಿಲ್ಲ. "ಬಿಗೀತೈತಿ ಅಂದ್ರ?"

"ಹೇಳ್ರಿ ಅತ್ತೀ! ಹೊತ್ತಿಲ್ಲ!"

"ನನ್ನ ಬಾಯಿಂದ ಹೆಂಗ ಹೇಳ್ಲೆವಾ ನಾ ಅದನ್ನ?" ಅವರ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಆ ಹೊತ್ತಿನಲ್ಲಿ ನನಗೆ ಕರುಣೆ ಬರಲಿಲ್ಲ, ಸಿಟ್ಟು ಬಂತು. ಬಾಯಿಗೆ ಬಂದಂತೆ ಒದರಿದೆ. ಕೊನೆಗೆ ಅವರು ತಿರುಗಿ, ಸೆರಗಿನಿಂದ ಮುಖ ಒರೆಸಿಕೊಂಡು ಕೂಗಿದರು, "ಯಪ್ಪಾ, ಮೊದ್ಲು ಬಿಗೀತೈತಂತ. ತಡ್ಕೋ. ಆಮ್ಯಾಲ ಬಿಡ್ತೈತಂತ."

ಮೇಲಿಂದ ಏನೋ ಕೇಳಿಸಿತು. ಅತ್ತೆ ನನ್ನ ಕಡೆ ಬಗ್ಗಿದರು. "ಹೂಂ ಅಂದಾನ. ಹಾಕಂತ."

ಪ್ಲಗ್ ಚುಚ್ಚಿದೆ. ಅವರ ಕೂಗು ಗೋಡೆ ಸೀಳಿಕೊಂಡು ಬಂತು. ಪ್ಲಗ್ಗಿನ ಮೇಲೆ ಹೋದ ಕೈಯನ್ನು ನಾನೇ ಹಲ್ಲು ಕಚ್ಚಿ ತಡೆದೆ. ಅಲ್ಲಿಗೇ ಕಿತ್ತರೆ ಈ ಬಿಗಿ ಅಲ್ಲೇ ಉಳಿಯುತ್ತದೆ, ಮತ್ತೆ ಹಾಕಿದರೆ ಮತ್ತೆ ಜಗ್ಗುತ್ತದೆ. ಮೋಟಾರಿನ ಸದ್ದು ಒಂದು ಕ್ಷಣ ನಿಂತು, ಬೇರೆ ರಾಗದಲ್ಲಿ ಶುರುವಾಯಿತು. ಪರದೆಯ ಅಂಕಿ ಇಳಿಯತೊಡಗಿತು.

"ಹೇಳ್ರಿ ಅತ್ತೀ! ಏನಾಗಾಕತ್ತೈತಿ?"

"ತಿರಗಾಕತ್ತೈತಿ… ಹಿಂದಕ್ಕ ಬರಾಕತ್ತೈತಿ… ಇನ್ನಷ್ಟು… ಯಪ್ಪಾ, ಹಗೂರ್ಕ ತಗಿ… ತಗದಾ! ಕೈ ತಗದಾನವಾ!"

ನಾನು ಪ್ಲಗ್ ಕಿತ್ತು ಅಲ್ಲೇ ನೆಲದ ಮೇಲೆ ಕೂತೆ. ಅವರು ಇಳಿದು ಬಂದರು. ಬಂದವರ ಮೊಣಕೈಯಿಂದ ಮುಂಗೈಯವರೆಗೆ ಕೇಬಲ್ಲಿನ ಬರೆ ಕೆಂಪಗೆ ಮೂಡಿತ್ತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಎಲುಬು ಮುರಿದಿಲ್ಲ, ನರ ಸರಿಹೋಗಲು ದಿನ ಹಿಡಿಯುತ್ತದೆ ಎಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ನಾನು ಅಳುತ್ತ, "ಅದನ್ನ ಕಿತ್ತು ಒಗೀರಿ, ನನಗ ಯಾವ ರೇಡಿಯೊನೂ ಬ್ಯಾಡ" ಎಂದೆ.

"ಕೀಳಾಕ ಯಾರು ಏರಾವ್ರು?" ಎಂದರು ಗಂಡ, ಬ್ಯಾಂಡೇಜಿನ ಕೈ ತೊಡೆಯ ಮೇಲಿಟ್ಟುಕೊಂಡು. ಅವರಿಗೆ ನಗು ಬಂದಿತ್ತು, ನನಗೆ ಬರಲಿಲ್ಲ.

ಮಾರನೆಯ ವಾರ ಕೇಬಲ್ಲು ಬಿಡಿಸಲು ನಾನೇ ಏರಿದೆ. ಗಂಡ ಕೆಳಗೆ, ಕಿತ್ತ ಪ್ಲಗ್ ಬಲಗೈಯಲ್ಲಿ ಹಿಡಿದು ಕೋಣೆಯ ಬಾಗಿಲಲ್ಲಿ ಕೂತಿದ್ದರು. ತುದಿ ಮುಟ್ಟಿ, ಕೇಬಲ್ಲಿಗೆ ಕೈ ಚಾಚುವ ಮೊದಲು, "ಪ್ಲಗ್ ಕೈಯಾಗ ಐತೇನ್ರಿ?" ಎಂದು ಕೂಗಿದೆ.

"ಐತಿ."

ಕೈಯನ್ನು ಇಷ್ಟೇ ಇಷ್ಟು ಚಾಚಿ ಮತ್ತೆ ಕೇಳಿದೆ. "ಐತಿ" ಎಂದರು. ಕೈ ಮುಂದೆ ಹೋಗಲಿಲ್ಲ. ಮತ್ತೆ ಕೇಳಿದೆ, ಮತ್ತೆ ಅದೇ ಉತ್ತರ. ಕಂಬವನ್ನು ಅಪ್ಪಿಕೊಂಡು ಅಲ್ಲೇ ನಿಂತೆ. ಅವತ್ತು, ಮೊದಲು ಬಿಗಿಯುತ್ತದೆ ಎಂದಾಗಲೂ ಅವರು ಹೂಂ ಅಂದಿದ್ದರು, ನನ್ನನ್ನು ಒಂದು ಸಲವೂ ತಿರುಗಿ ಕೇಳಿರಲಿಲ್ಲ.