ಸಾಹುಕಾರರ ಕೋಟಿನ ಜೇಬು

ಬಾಬಾಜಾನ್ ಸಾಬರು ಬೈಯುವಾಗಲೂ ತುಟಿಯ ಮೂಲೆಯಲ್ಲಿ ದಾರದ ತುಂಡು ಕಚ್ಚಿಕೊಂಡಿರುತ್ತಿದ್ದರು. ಬೈಗುಳ ಅದನ್ನು ದಾಟಿ ಬರುವಷ್ಟರಲ್ಲಿ ಅರ್ಧ ತಣ್ಣಗಾಗಿರುತ್ತಿತ್ತು.

ಡಿಗ್ರಿ ಮುಗಿಸಿ ಶಿಕಾರಿಪುರದ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದಾಗ ನನ್ನಲ್ಲಿದ್ದದ್ದು ಒಂದು ಟ್ರಂಕು, ಎರಡು ಅಂಗಿ. ಮಂಜೂರಾತಿ ಬರುವತನಕ ಸಂಬಳವಿಲ್ಲ ಎಂದರು. ಮುಂಗಡವಿಲ್ಲದೆ ಯಾರೂ ಕೋಣೆ ಕೊಡಲಿಲ್ಲ. ಸಾಬರು ಮಾತ್ರ ತಮ್ಮ ಹೊಲಿಗೆ ಅಂಗಡಿಯ ಹಿಂಭಾಗದಲ್ಲಿ ಚಾಪೆ ಹಾಸಲು ಬಿಟ್ಟರು. ಅಷ್ಟರಲ್ಲಿ ಹೆಡ್‌ಮಾಸ್ಟರು, ಕೋಟಿಲ್ಲದೆ ತರಗತಿಗೆ ಕಾಲಿಡಕೂಡದು ಎಂದುಬಿಟ್ಟರು. ಕೆಲಸ ಹೋದರೆ ನನ್ನೂರು ಆನವಟ್ಟಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ನನಗೆ ಜ್ವರವೇ ಬಂದಂತಾಯಿತು.

ಸಾಬರು ಗೂಟದಲ್ಲಿದ್ದ ಕೋಟೊಂದನ್ನು ನನ್ನ ಮೇಲೆ ಎಸೆದರು. ಮಂಡಿ ಸಾಹುಕಾರರು ಬರಲಿರುವ ಮಗಳ ಮದುವೆಗೆಂದು ಹೊಲಿಸಿ, ಇನ್ನೂ ಒಯ್ಯದೆ ಬಿಟ್ಟದ್ದು. ಅದರೊಳಗೆ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು.

“ನೇತಾಕಿದ್ರೆ ಗೋಡೆಗೇನು ಸಂಬಳ ಬರುತ್ತೇನ್ರೀ? ಹಾಕ್ಕೊಳ್ಳಿ. ಸಂಜೆ ಇಸ್ತ್ರಿ ಮಾಡಿಟ್ರಾಯ್ತು.”

“ಅವರು ನೋಡಿದ್ರೆ?”

“ನೋಡೋ ಹಂಗೆ ಯಾಕ್ರೀ ತಿರುಗ್ತೀರಿ?”

ದಿನವೂ ಮಂಡಿಯ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಸುತ್ತಿ ಹೋಗುತ್ತಿದ್ದೆ. ಸಾಹುಕಾರರಿಗೆ ತಿಳಿದರೆ ನನ್ನ ಕೆಲಸದ ಜೊತೆಗೆ ಸಾಬರ ಗಿರಾಕಿಗಳೂ ಹೋಗುತ್ತಿದ್ದರು. ಪಾಠ ಮಾಡುವಾಗಲೂ ಕಣ್ಣು ಕಿಟಕಿಯತ್ತಲೇ.

ಒಂದು ಸಂಜೆ ಸಾಹುಕಾರರು ಅಂಗಡಿಗೇ ಬಂದು ಕೋಟು ತೊಟ್ಟು ನೋಡಿದರು. ನಾನು ಪರದೆಯ ಹಿಂದಿದ್ದೆ. ಜೇಬಿಗೆ ಕೈ ಹಾಕಿದವರು ಸೀಮೆಸುಣ್ಣದ ತುಂಡೊಂದನ್ನು ಹೊರತೆಗೆದರು. ಅದನ್ನು ಅಲ್ಲಿ ಮರೆತವನು ನಾನೇ!

“ಇದೇನ್ ಸಾಬ್ರೇ?”

“ಸಿಕ್ತಾ? ಗುರುತು ಹಾಕೋ ಸುಣ್ಣ ರೀ. ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ, ಕೊಡಿ ಇತ್ಲಾಗೆ.”

ಸಾಹುಕಾರರು ಕೋಟು ಕೊಂಡೊಯ್ದರು. ನಾಳೆ ಏನು ತೊಡಲಿ ಎಂಬ ಭಯ ನನಗೆ ಉಳಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಗೂಟದಲ್ಲಿ ಕಪ್ಪು ಕೋಟು, ನನ್ನ ಅಳತೆಗೇ.

“ಇದು ಯಾರದು?” ಎಂದೆ, ಅದನ್ನು ಮುಟ್ಟದೆ.

“ಇದನ್ನ ಕೇಳ್ಕೊಂಡು ಯಾರೂ ಬರಲ್ಲ. ಹೆದರ್ಬೇಡಿ,” ಎಂದರು ದಾರ ಕಚ್ಚಿಕೊಂಡೇ.

ಮರುವರ್ಷ ಸೊರಬಕ್ಕೆ ವರ್ಗವಾಯಿತು. ರಂಜಾನ್ ಹಬ್ಬದ ಬೆಳಿಗ್ಗೆ ಅವರನ್ನು ಕಾಣಲು ಅದೇ ಕೋಟು ತೊಟ್ಟು ಶಿಕಾರಿಪುರದಲ್ಲಿ ಬಸ್ಸಿಳಿದೆ. ಸಾಬರು ಬರೀ ಅಂಗಿಯಲ್ಲಿ ಈದ್ಗಾ ಕಡೆಗೆ ಹೊರಟಿದ್ದರು. ಪಕ್ಕದ ಅಂಗಡಿಯವರು ಕೂಗಿ ಕೇಳಿದರು:

“ನಿಮ್ ಮದ್ವೆ ಕಾಲದ ಕಪ್ಪು ಶೇರ್ವಾನಿ ಕೋಟು ಎಲ್ಲಿ ಸಾಬ್ರೇ? ಪ್ರತಿ ಹಬ್ಬಕ್ಕೂ ಹಾಕ್ತಿದ್ರಲ್ಲ?”

“ಸೆಖೆ ಕಣ್ರೀ.”

ನನ್ನ ಕೈ ತಾನಾಗಿ ಕೋಟಿನ ಗುಂಡಿಗೆ ಹೋಯಿತು.

“ಇನ್ನೂ ಸುಣ್ಣ ಒರೆಸ್ಕೊಳ್ಳೋದು ಕಲೀಲಿಲ್ವಲ್ಲ ಮೇಷ್ಟ್ರೇ,” ಎನ್ನುತ್ತಾ ಸಾಬರು ನನ್ನ ತೋಳು ಕೊಡವಿ ನಡೆದುಬಿಟ್ಟರು.

ಮುಂದಿನ ಹಬ್ಬಕ್ಕೆ ಅವರ ಶೇರ್ವಾನಿಗೆಂದು ಕಪ್ಪು ಬಟ್ಟೆ ಹಿಡಿದು ಹೋದೆ. ಅಂಗಡಿಗೆ ಬೀಗ ಬಿದ್ದಿತ್ತು. ಸಾಬರು ತೀರಿಕೊಂಡು ತಿಂಗಳಾಗಿತ್ತು. ಆ ಬಟ್ಟೆಯನ್ನು ಬೇರೆಯವರ ಕೈಗೆ ಹೊಲಿಯಲು ಕೊಡುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.