ಅತ್ತೆಯ ಕಂಬಳಿ, ನನ್ನ ತುರಿಕೆ

ಮೊದಲು ತುರಿಸಿದ್ದು ಸೊಂಟದಲ್ಲಿ, ನಿರಿಗೆ ಸಿಕ್ಕಿಸುವ ಜಾಗದಲ್ಲಿ. ಆಮೇಲೆ ಮೊಣಕಾಲಿನ ಹಿಂದೆ. ಆಮೇಲೆ ಕಂಕುಳಲ್ಲಿ. ರೊಟ್ಟಿ ಬಡಿಯುತ್ತ ಕೂತವಳು ಹಿಟ್ಟಿನ ಕೈಯಲ್ಲೇ ಪರಪರ ಕೆರೆದುಕೊಳ್ಳುತ್ತಿದ್ದೆ. ಕೆರೆದಲ್ಲಿ ಗಂಟು, ಗಂಟಿನೊಳಗೆ ಕೀವು. ಒಂದು ಬೆಳಿಗ್ಗೆ ಅತ್ತೆ ನೋಡಿಬಿಟ್ಟರು.

"ಕಜ್ಜಿ ಹತ್ತೈತಿ ನಿನಗ. ಕೂಸಿನ್ನ ಮುಟ್ಟಬ್ಯಾಡ."

ನನ್ನ ಮಗಳಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ.

ಅಂದಿನಿಂದ ಕೂಸು ಅತ್ತೆಯ ಬಗಲಲ್ಲಿ, ಅವರ ಕಂಬಳಿಯ ಮೇಲೆ. ಅದಕ್ಕೆ ಆಡಿನ ಹಾಲು. ನನಗೆ ಪಡಸಾಲೆಯ ಮೂಲೆ, ಬೇರೆ ತಾಟು. ಎದೆ ಕಟ್ಟಿ ಕಲ್ಲಾಗುತ್ತಿತ್ತು. ಹಿತ್ತಲಿಗೆ ಹೋಗಿ ಹಾಲು ಹಿಂಡಿ ಮಣ್ಣಿಗೆ ಚೆಲ್ಲುವಾಗ ಒಳಗೆ ಕೂಸು ಅಳುವುದು ಕೇಳಿಸುತ್ತಿತ್ತು. ಶಿವನೇ, ಆ ಸಿಟ್ಟನ್ನು ಹೇಗೆ ಹೇಳಲಿ! ತುರಿಕೆಗಿಂತ ಅದೇ ಹೆಚ್ಚು ಸುಟ್ಟಿತು. ಇವರ ಮೈಯೂ ಹೀಗೇ ಹುಣ್ಣಾಗಲಿ ಎಂದು ಅತ್ತೆಗೆ ಶಾಪ ಹಾಕಿದೆ. ಪಾಪ ಅಂತ ನನಗೆ ಅನ್ನಿಸಲಿಲ್ಲ.

ಅತ್ತೆ ಗಂಧಕ ಕಲಸಿದ ಎಣ್ಣೆ ಹಚ್ಚಿಸಿದರು. ಉರಿ ಏರಿತೇ ಹೊರತು ತುರಿಕೆ ಇಳಿಯಲಿಲ್ಲ. ಜ್ವರ ಬಂದ ಮೇಲೆ ನಮ್ಮ ಮನೆಯವರು ಜೈನಾಪುರದಿಂದ ಚಕ್ಕಡಿ ಹೂಡಿ ಬಬಲೇಶ್ವರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ವಿಜಾಪುರಕ್ಕೆ ಕರೆದೊಯ್ದರು. ಗೋಳಗುಮ್ಮಟದ ಹತ್ತಿರದ ಡಾಕ್ಟರು ಭೂತಗನ್ನಡಿ ಹಿಡಿದು ನನ್ನ ಮೊಣಕಾಲಿನ ಹಿಂದೆ ನೋಡಿದರು. ಚಿಮಟಿಗೆಯಿಂದ ಏನನ್ನೋ ಎತ್ತಿ ಕಾಗದದ ಮೇಲಿಟ್ಟರು.

ಅದು ನಡೆಯತೊಡಗಿತು.

"ಉಣ್ಣಿ!" ಎಂದರು ಮನೆಯವರು.

"ಮತ್ತ? ಇದು ಕಜ್ಜಿ ಅಲ್ಲವ್ವಾ. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ. ಮನ್ಯಾಗ ಕುರಿ ಅದಾವೇನು? ಏನ್ ಹೊತ್ಕೊಂಡು ಮಲಗ್ತೀ?"

ಕಂಬಳಿ. ಬಾಣಂತನದಲ್ಲಿ ನನಗೆ ಹೊದಿಸಿದ್ದು ಅತ್ತೆಯ ಕಂಬಳಿಯನ್ನೇ. ನಮ್ಮಲ್ಲಿ ಕಂಬಳಿಗೆ ಮೈಲಿಗೆ ಇಲ್ಲ. ಸೀರೆ, ಚಾದರ ಒಗೆಯಬೇಕು. ಕಂಬಳಿ ಮಾತ್ರ ದೇವರ ಗದ್ದುಗೆಗೂ ಸೈ, ಕುರಿಹಟ್ಟಿಗೂ ಸೈ. ಅತ್ತೆ ಅದನ್ನು ಹೊದ್ದು ಕುರಿಗಳ ನಡುವೆ ಕೂತು ಬರುತ್ತಿದ್ದರು. ಒಗೆಯುವುದಿರಲಿ, ಕೊಡವಿದರೂ ಸಿಟ್ಟಾಗುತ್ತಿದ್ದರು.

ಈಗ ಅದರ ಮೇಲೆ ನನ್ನ ಕೂಸಿತ್ತು.

ಡಾಕ್ಟರು ಇಂಜೆಕ್ಷನ್ ಕೊಟ್ಟರು, ತುರಿಕೆಗೆ ಲೋಷನ್ ಕೊಟ್ಟರು. "ಕೆರಕೋಬ್ಯಾಡ, ತಣ್ಣೀರಾಗ ಅದ್ದಿದ ಅರಬಿ ಇಟಗೋ. ಉಣ್ಣಿಗೆ ಬೀಡಿ ಚುಚ್ಚಬ್ಯಾಡ್ರಿ, ಎಣ್ಣಿ ಹಾಕಬ್ಯಾಡ್ರಿ. ಚಿಮಟಿಗೀಲೆ ಚರ್ಮದ ಹತ್ತರನ ಹಿಡದು ಸಾವಕಾಶ ನೆಟ್ಟಗ ಎಳೀರಿ. ಸಿಟ್ಟಿಲೆ ಜಗ್ಗಿದ್ರ ಅದರ ಬಾಯಿ ಒಳಗ ಉಳದು ಕೀವಾಗ್ತೈತಿ. ಆಮ್ಯಾಲೆ ಸಬಕಾರ ಹಚ್ಚಿ ತೊಳೀರಿ. ಹಟ್ಟಿಗೆ ಹೋಗಿ ಬಂದವರು ದಿನಾ ಮೈ ನೋಡ್ಕೋರಿ." ಅವರ ಹೊಟ್ಟೆ ತಣ್ಣಗಿರಲಿ. ಮುಂದೆ ಕೆಲ ದಿನಗಳಲ್ಲಿ ಜ್ವರ ಬಿಟ್ಟಿತು, ಹುಣ್ಣುಗಳು ಮಾಗಿದವು.

ಮನೆಗೆ ಬಂದು ಮನೆಯವರು ಎಲ್ಲ ಹೇಳಿದರು. ಅತ್ತೆ ಕೂಸನ್ನು ಮಡಿಲಲ್ಲಿ ಬಿಗಿಹಿಡಿದು, "ಡಾಕ್ಟರ ಏನರ ಹೇಳ್ಲಿ, ನಾ ಕೊಡೂದಿಲ್ಲ" ಎಂದರು.

ನಾನು ಕಂಬಳಿ ಎತ್ತಿಕೊಂಡು ಮಾಳಿಗೆ ಏರಿದೆ. ರಣರಣ ಬಿಸಿಲು. ಹರವಿ, ಬಡಿಗೆಯಿಂದ ಬಡಿದೆ. ಜ್ವರದ ಮೈಗೆ ಎಲ್ಲಿಂದ ಬಂತೋ ಆ ಕಸುವು! ಬಡಿಯುತ್ತಿದ್ದುದು ಯಾರನ್ನೆಂದು ನನಗೆ ಗೊತ್ತಿತ್ತು. ಕೆಳಗೆ ಕೂತ ಅತ್ತೆಗೂ ಗೊತ್ತಿತ್ತು. ಉದುರಿದ ಉಣ್ಣಿಗಳನ್ನು ಆರಿಸಿ, ನನಗೆ ಕೊಟ್ಟಿದ್ದ ಆ ಬೇರೆ ತಾಟಿಗೆ ಹಾಕಿದೆ. ತಂದು ಅವರ ಮುಂದಿಟ್ಟೆ.

"ನೋಡ್ರಿ ಅತ್ತಿ, ನಿಮ್ಮ ಸೊಸೀಗೆ ಹತ್ತಿದ ಕಜ್ಜಿ."

ಅತ್ತೆ ಕೂಸಿನ ಮೈ ತಡವಿ ನೋಡಿದರು. ಕಿವಿಯ ಹಿಂದೆ ಅವರ ಬೆರಳು ನಿಂತಿತು. ಕಡಲೆಯಷ್ಟು ಉಬ್ಬಿದ ಉಣ್ಣಿ. ಕೀಳಲು ಉಗುರು ಹಾಕಿದರು.

"ಮುಟ್ಟಬ್ಯಾಡ್ರಿ," ಎಂದೆ. ಎಷ್ಟು ದಿನದಿಂದ ಕಾದಿದ್ದ ಮಾತು!

ಮನೆಯವರ ಉಡಿದಾರದಲ್ಲಿದ್ದ ಮುಳ್ಳು ಕೀಳುವ ಚಿಮಟಿಗೆ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಸಾವಕಾಶ ಎಳೆದೆ. ಇಡಿಯಾಗಿ ಬಂತು. ತಾಟಿನಲ್ಲಿದ್ದವುಗಳ ಜೊತೆ ಅದನ್ನೂ ಒಲೆಯ ಕೆಂಡಕ್ಕೆ ಸುರಿದೆ. ಚಟಚಟ ಸಿಡಿದವು. ಹೋಳಿಗೆ ಉಂಡಷ್ಟು ಹಿತವಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಸುಮ್ಮನೆ ಹೇಳಿದ್ದಾರೆಯೇ?

ಅತ್ತೆ ಕೂಸನ್ನು ನನ್ನ ಮಡಿಲಿಗೆ ಹಾಕಿದರು. ಆಮೇಲೆ ನನಗೆ ಬೆನ್ನು ತಿರುಗಿಸಿ ಕೂತು ಸೆರಗು ಸರಿಸಿದರು. ಬೆನ್ನ ತುಂಬ ಕೆರೆದ ಗಾಯ, ನಡುನಡುವೆ ಕಚ್ಚಿ ಹಿಡಿದ ಉಣ್ಣಿ.

"ಭಾಳ ದಿನ ಆತು ತುರಸಾಕತ್ತಿ," ಎಂದರು ಮೆಲ್ಲಗೆ. "ನಂದೂ ಒಂದೀಟು ತಗಿ ಬೇ."

ಚಿಮಟಿಗೆ ನನ್ನ ಕೈಯಲ್ಲೇ ಇತ್ತು.

"ತಗೀತೀನ್ರಿ. ಕೂಸು ಕುಡೀಲಿ, ತಡೀರಿ," ಎಂದೆ.

ಅತ್ತೆ ಬೆನ್ನು ಬಿಟ್ಟುಕೊಂಡು ಕೂತೇ ಇದ್ದರು. ಕೂಸು ಅವಸರ ಮಾಡಲಿಲ್ಲ. ನಾನೂ ಮಾಡಲಿಲ್ಲ.